ಸ್ಟೇರಿಂಗ್ ನೆಟ್ಟಗಿದೆ, ಗಾಡಿ ಅಲೆಯುತ್ತಿದೆ

ಅಮೆರಿಕದ ಒಹಾಯೊ ರಾಜ್ಯದಿಂದ ಓದುಗರೊಬ್ಬರು ಉದ್ದನೆಯ ಮೇಲ್ ಕಳಿಸಿದ್ದರು. ಊರು ಹಾಸನದ ಕಡೆ, ಕೆಲಸ ಸಾಫ್ಟ್‌ವೇರ್. ಎರಡು ವರ್ಷದ ಹಿಂದೆ ಸ್ವಂತ ದುಡ್ಡಲ್ಲಿ 1995ರ ಮಾಡೆಲ್ ಮಜ್ದಾ ಮಿಯಾಟಾ ಕೊಂಡಿದ್ದಾರೆ. ಎರಡೇ ಸೀಟು, ಮೇಲ್ಛಾವಣಿ ಹಿಂದಕ್ಕೆ ಮಡಚಬಹುದಾದ ಪುಟ್ಟ ಸ್ಪೋರ್ಟ್ಸ್ ಕಾರು.

ಅವರ ಮಾತಲ್ಲೇ ಹೇಳಿದರೆ: "ಗಂಟೆಗೆ 70 ಮೈಲಿ ದಾಟಿದರೆ ಗಾಡಿ ನನ್ನ ಮಾತು ಕೇಳಲ್ಲ ಸರ್. ಒಂದು ಕಡೆಗೆ ಎಳೆಯಲ್ಲ, ನಡುಗೋದೂ ಇಲ್ಲ. ಸುಮ್ನೆ ಅಲೆಯುತ್ತೆ. ಸ್ಟೇರಿಂಗ್ ನೆಟ್ಟಗೆ ಹಿಡಿದಿದ್ರೂ ಸಣ್ಣ ಸಣ್ಣದಾಗಿ ತಿದ್ದುತ್ತಲೇ ಇರಬೇಕು." ಹೋದ ತಿಂಗಳು ಮಳೆಯಲ್ಲಿ ಹೈವೇಯಿಂದ ಇಳಿಯುವ ತಿರುವಿನಲ್ಲಿ ಆಕ್ಸಿಲರೇಟರ್‌ನಿಂದ ಕಾಲು ತೆಗೆದಿದ್ದೇ ತಡ, ಗಾಡಿಯ ಹಿಂಭಾಗ ಪಕ್ಕಕ್ಕೆ ಜಾರಿತಂತೆ. ಪುಣ್ಯಕ್ಕೆ ಪಕ್ಕದ ಲೇನ್ ಖಾಲಿ ಇತ್ತು. ಯಜಮಾನರು ಅವತ್ತಿನಿಂದ "ಮಾರಿಬಿಡು" ಅಂತ ಕೂತಿದ್ದಾರೆ. ಅಲ್ಲಿನ ಒಂದು ಗ್ಯಾರೇಜಿನವರು ಗಾಡಿಯನ್ನು ಎತ್ತಿ ಕೂಡ ನೋಡದೆ, ನಾಲ್ಕೂ ಕಡೆ ಹೊಸ ಕಾಯಿಲೋವರ್ ಹಾಕಿಸಿ, ಎರಡು ಸಾವಿರ ಡಾಲರ್ ಮೇಲಾಗುತ್ತೆ ಅಂದಿದ್ದಾರೆ. "ಮಾರಲೋ, ದುಡ್ಡು ಸುರಿಯಲೋ?" ಇದು ಅವರ ಪ್ರಶ್ನೆ.

ಎರಡೂ ಬೇಡ, ಸದ್ಯಕ್ಕೆ ಗಾಡಿಯನ್ನು ಹೈವೇಗೆ ಒಯ್ಯಬೇಡಿ ಅಂತ ಬರೆದೆ. ಆಮೇಲೆ ಮೂರು ವಾರ ನಮ್ಮಿಬ್ಬರ ನಡುವೆ ಮೇಲ್‌ಗಳು ಓಡಾಡಿದವು. ಅವರ ಒಪ್ಪಿಗೆ ಪಡೆದು ಅದನ್ನೇ ಈ ಸಲದ ಅಂಕಣ ಮಾಡಿದ್ದೇನೆ. ಹಳೇ ಗಾಡಿ ಇಟ್ಟುಕೊಂಡ ಎಲ್ಲರಿಗೂ, ಅದು ಮಿಯಾಟಾ ಆಗಲಿ ಅಪ್ಪನ ಕಾಲದ ಎಸ್ಟೀಮ್ ಆಗಲಿ, ಈ ದಾರಿ ಹೆಚ್ಚುಕಡಿಮೆ ಒಂದೇ.

ಮೊದಲು ಈ ಕಾರಿನ ಬಗ್ಗೆ ಎರಡು ಮಾತು. ಮಿಯಾಟಾ ಮೊದಲು ಜನರ ಕಣ್ಣಿಗೆ ಬಿದ್ದದ್ದು 1989ರ ಷಿಕಾಗೊ ಆಟೊ ಶೋನಲ್ಲಿ. ಹಳೇ ಬ್ರಿಟಿಷ್ ರೋಡ್‌ಸ್ಟರ್‌ಗಳ ಮಜಾ ಇರಬೇಕು, ಅವುಗಳ ಆಯಿಲ್ ಸೋರಿಕೆ ಬೇಡ ಅನ್ನೋ ಲೆಕ್ಕದಲ್ಲಿ ಜಪಾನಿನವರು ಮಾಡಿದ ಗಾಡಿ. ತೂಕ ಒಂದು ಟನ್ ಆಸುಪಾಸು, ಎಂಜಿನ್ ಮುಂದೆ, ಓಡಿಸೋದು ಹಿಂದಿನ ಚಕ್ರ. ಮಜ್ದಾದವರು ಇದಕ್ಕೆ 'ಜಿಂಬಾ ಇತ್ತಾಯ್' ಅನ್ನೋ ಮಾತು ಬಳಸುತ್ತಾರೆ. ಕುದುರೆ, ಸವಾರ ಎರಡೂ ಒಂದೇ ಜೀವ ಅಂತ ಅರ್ಥ. ನಾಲ್ಕೂ ಚಕ್ರಕ್ಕೆ ಡಬಲ್ ವಿಶ್‌ಬೋನ್ ಸಸ್ಪೆನ್ಷನ್. ಅಂದರೆ ಪ್ರತಿ ಚಕ್ರವನ್ನೂ ಮೇಲೊಂದು, ಕೆಳಗೊಂದು ಆರ್ಮ್ ಹಿಡಿದಿರುತ್ತವೆ. ಆ ಆರ್ಮ್‌ಗಳು ಚಾಸಿ ಸೇರುವಲ್ಲೆಲ್ಲ ರಬ್ಬರ್ ಬುಷ್.

ಇಂಥ ಗಾಡಿ ಹೊಸದರಲ್ಲಿ ಕೈಗೆ ಎಷ್ಟು ಸ್ಪಷ್ಟವಾಗಿ ರಸ್ತೆಯ ಸುದ್ದಿ ಮುಟ್ಟಿಸುತ್ತೋ, ಸವೆದ ಮೇಲೆ ಅಷ್ಟೇ ಜೋರಾಗಿ ದೂರು ಹೇಳುತ್ತೆ. ನಿಮ್ಮ ಕೈಯಿಂದ ರಸ್ತೆಯವರೆಗಿನ ದಾರಿ ನೋಡಿ: ಸ್ಟೇರಿಂಗ್ ಕಾಲಮ್‌ನ ಜಾಯಿಂಟ್, ಸ್ಟೇರಿಂಗ್ ರ್ಯಾಕ್, ಟೈ ರಾಡ್, ಅದರ ತುದಿಯ ಎಂಡ್, ಬಾಲ್ ಜಾಯಿಂಟ್, ವೀಲ್ ಬೇರಿಂಗ್, ಕೊನೆಗೆ ಟೈರ್. ಒಂದೊಂದರಲ್ಲೂ ಕೂದಲೆಳೆಯಷ್ಟು ಪ್ಲೇ ಬಂದರೂ ಸಾಕು, ಎಲ್ಲ ಕೂಡಿ ಸ್ಟೇರಿಂಗ್‌ನಲ್ಲಿ ಎರಡು ಬೆರಳಷ್ಟು ಆಗುತ್ತೆ. ಮೂವತ್ತು ವರ್ಷದ ಗಾಡಿಯಲ್ಲಿ ಒಂದೇ ಪಾರ್ಟ್ ಅಪರಾಧಿ ಆಗಿರೋದು ಅಪರೂಪ. ಅದಕ್ಕೇ ಒಂದೇ ದೊಡ್ಡ ಪಾರ್ಟ್ ಬದಲಿಸಿ ಎಲ್ಲ ಸರಿಮಾಡ್ತೀನಿ ಅನ್ನೋರ ಮೇಲೆ ನನಗೆ ನಂಬಿಕೆ ಕಡಿಮೆ.

ನಾನು ಅವರಿಗೆ ಕೇಳಿದ ಮೊದಲ ಪ್ರಶ್ನೆ: ಯಾವಾಗ ಅಲೆಯುತ್ತೆ? ಇದಕ್ಕೆ ಉತ್ತರ ಸಿಕ್ಕರೆ ಅರ್ಧ ಕೆಲಸ ಮುಗಿದ ಹಾಗೆ. ನೇರ ರಸ್ತೆಯಲ್ಲಿ, ಸ್ಟೇರಿಂಗ್ ನಡುಮಧ್ಯ ಇರುವಾಗ ಮಾತ್ರ ಅಲೆದರೆ ಟೈರ್, ಟೈ ರಾಡ್ ಎಂಡ್, ಅಲೈನ್‌ಮೆಂಟ್ ಕಡೆ ನೋಡಬೇಕು. ಗುಂಡಿ, ಉಬ್ಬು ದಾಟಿದ ಮೇಲೆ ದೋಣಿಯ ಹಾಗೆ ಎರಡು ಮೂರು ಸಲ ತೂಗಿದರೆ ಶಾಕ್ ಅಬ್ಸಾರ್ಬರ್ ಸತ್ತಿದೆ. ಸಣ್ಣ ಗುಂಡಿಗೂ ಕಬ್ಬಿಣಕ್ಕೆ ಕಬ್ಬಿಣ ಬಡಿದ ಹಾಗೆ 'ಢಬ್' ಅಂದರೆ ಬಂಪ್ ಸ್ಟಾಪ್ ನೋಡಿ. ಶಾಕ್ ಒಳಗೆ ಕೂತಿರೋ ಆ ಸ್ಪಂಜಿನಂಥ ತುಂಡು ಹಳೇ ಮಿಯಾಟಾಗಳಲ್ಲಿ ಒಣಗಿ, ರಸ್ಕಿನ ಹಾಗೆ ಪುಡಿಯಾಗಿರುತ್ತೆ. ಬ್ರೇಕ್ ಒತ್ತಿದಾಗ ಮಾತ್ರ ಒಂದು ಕಡೆ ಎಳೆದರೆ ಮುಂದಿನ ಬುಷ್ ಅಥವಾ ಹಿಡಿದುಕೊಂಡ ಕ್ಯಾಲಿಪರ್. ಸ್ಪೀಡ್ ಬ್ರೇಕರ್ ಮೇಲೆ ಒಂದು ಚಕ್ರ ಮೊದಲು ಹತ್ತಿದಾಗ 'ಟಕ್ ಟಕ್' ಅಂದರೆ ಬಹುತೇಕ ಆ್ಯಂಟಿರೋಲ್ ಬಾರ್‌ನ ಲಿಂಕು. ಅದು ಅಗ್ಗದ ರಿಪೇರಿ, ಭಯ ಬೇಡ.

ಇನ್ನೊಂದಿದೆ. ಖಾಲಿ ನೇರ ರಸ್ತೆಯಲ್ಲಿ, ಸ್ಟೇರಿಂಗ್ ಅಲ್ಲಾಡಿಸದೆ ಆಕ್ಸಿಲರೇಟರ್ ಒತ್ತಿ, ಬಿಟ್ಟು ನೋಡಿದರೆ ಗಾಡಿಯ ಹಿಂಭಾಗ ಸೊಂಟ ತಿರುಗಿಸಿದ ಹಾಗೆ ಅನಿಸುತ್ತಾ? ಅವರು ಮೇಲ್‌ನಲ್ಲಿ ದಪ್ಪಕ್ಷರದಲ್ಲಿ ಬರೆದರು: "ಹೌದು, ಅದೇ!" ಹಾಗಾದರೆ ಹಿಂದಿನ ಆರ್ಮ್ ಬುಷ್‌ಗಳ ಮೇಲೆ ಅನುಮಾನ. ಮಳೆಯ ದಿನದ ಜಾರುವಿಕೆಗೂ ಇಲ್ಲೇ ಸುಳಿವು ಇದೆ, ಅದಕ್ಕೆ ಆಮೇಲೆ ಬರ್ತೀನಿ.

ಪರೀಕ್ಷೆ ಶುರು ಮಾಡಬೇಕಾದದ್ದು ಖರ್ಚೇ ಇಲ್ಲದ ಕಡೆಯಿಂದ. ಟೈರಿನ ಪಕ್ಕದ ಗೋಡೆ ಮೇಲೆ ಡಿ.ಒ.ಟಿ. ಅಂತ ಶುರುವಾಗುವ ಸಾಲಿನ ಕೊನೆಯಲ್ಲಿ ನಾಲ್ಕು ಅಂಕಿ ಇರುತ್ತೆ. ಮೊದಲ ಎರಡು ವಾರ, ಕೊನೆಯ ಎರಡು ವರ್ಷ. 2316 ಅಂದರೆ 2016ರ 23ನೇ ವಾರದಲ್ಲಿ ತಯಾರಾದದ್ದು. ಹೊರಗಡೆ ಕಾಣದಿದ್ದರೆ ಒಳಮುಖದಲ್ಲಿ ಹುಡುಕಿ. ಇವರ ಟೈರಿನಲ್ಲಿದ್ದದ್ದು 3411. ಅಂದರೆ 2011! "ಆದರೆ ಗುಂಡಿ ಇನ್ನೂ ಹೊಸದರ ಹಾಗಿದೆ ಸರ್," ಅಂದರು. ವಾರಕ್ಕೊಮ್ಮೆ ಹೊರಬರುವ ಸ್ಪೋರ್ಟ್ಸ್ ಕಾರುಗಳ ಗೋಳೇ ಇದು. ಟೈರು ಸವೆಯೋದಕ್ಕಿಂತ ಮೊದಲು ಮುದಿಯಾಗುತ್ತೆ. ರಬ್ಬರ್ ಗಟ್ಟಿಯಾಗಿ, ಒಣ ರಸ್ತೆಯಲ್ಲಿ ಹೇಗೋ ನಡೆಸುತ್ತೆ, ಒದ್ದೆ ರಸ್ತೆಯಲ್ಲಿ ಕೈ ಕೊಡುತ್ತೆ. ಹತ್ತು ವರ್ಷ ದಾಟಿದ ಟೈರ್ ನೋಡೋಕೆ ಚೆನ್ನಾಗಿದ್ದರೂ ತೆಗೆದುಹಾಕಿ ಅಂತ ಟೈರ್ ಕಂಪನಿಗಳೇ ಹೇಳುತ್ತವೆ.

ಗಾಳಿ ಎಷ್ಟಿತ್ತು? 35. ಟೈರ್ ಅಂಗಡಿಯವರು ಎಲ್ಲ ಗಾಡಿಗೂ ಹಾಕುವ ಹಾಗೆ ಇದಕ್ಕೂ ಹಾಕಿದ್ದರು. ಈ ಗಾಡಿಯ ಬಾಗಿಲ ಬಳಿಯ ಚೀಟಿಯಲ್ಲಿ ಮಜ್ದಾ ಬರೆದಿರೋದು 26 ಪಿ.ಎಸ್.ಐ. ಹಗುರ ಗಾಡಿ, 14 ಇಂಚಿನ ಚಕ್ರ, ಅದಕ್ಕೆ ಅಷ್ಟೇ ಸಾಕು. ಹೆಚ್ಚು ಗಾಳಿ ತುಂಬಿದರೆ ರಸ್ತೆಯ ಪ್ರತಿ ಗೀರಿಗೂ ಗಾಡಿ ಪುಟಿಯುತ್ತೆ, ನೆಲ ಕಚ್ಚಲ್ಲ. ಬೆಳಿಗ್ಗೆ ಟೈರ್ ತಣ್ಣಗಿರುವಾಗ 26ಕ್ಕೆ ಇಳಿಸಿ, ಮನೆ ಸುತ್ತಲಿನ ರಸ್ತೆಯಲ್ಲಿ ಮಾತ್ರ ಓಡಿಸಿ ನೋಡಿ ಅಂದೆ. "ಅರ್ಧದಷ್ಟು ಪುಟಿತ ಹೋಯ್ತು, ಆದ್ರೆ ಸೊಂಟ ತಿರುಗಿಸೋದು ಹಾಗೇ ಇದೆ," ಅಂತ ಉತ್ತರ ಬಂತು. ಐದು ಪೈಸೆ ಖರ್ಚಿಲ್ಲದೆ ಒಂದು ಪದರ ಕಳಚಿತು. ಹೀಗೆ ಒಂದು ಸಲಕ್ಕೆ ಒಂದನ್ನೇ ಬದಲಿಸಬೇಕು. ನಾಲ್ಕು ಪಾರ್ಟ್ ಒಟ್ಟಿಗೆ ಹಾಕಿಸಿದರೆ ಯಾವುದರಿಂದ ವಾಸಿಯಾಯ್ತು ಅನ್ನೋದು ಯಾರಿಗೂ ಗೊತ್ತಾಗಲ್ಲ.

ಮುಂದಿನ ಭಾನುವಾರ ಜಾಕ್ ಹಾಕುವ ಕೆಲಸ. ಇಲ್ಲಿ ನಾನು ಸ್ವಲ್ಪ ಕಟ್ಟುನಿಟ್ಟು. ಸಮತಟ್ಟು ನೆಲ, ಎದುರು ಚಕ್ರಕ್ಕೆ ಅಡೆಗಲ್ಲು, ಜಾಕ್ ಏರಿಸಿದ ಮೇಲೆ ಸ್ಟ್ಯಾಂಡ್ ಕೊಡಲೇಬೇಕು. ಬರೀ ಜಾಕ್ ನಂಬಿ ಗಾಡಿಯ ಕೆಳಗೆ ಕೈ ಕೂಡ ಹಾಕಬಾರದು. ಅದರಲ್ಲೂ ಒಹಾಯೊ ಥರದ ಕಡೆ ಚಳಿಗಾಲದಲ್ಲಿ ರಸ್ತೆಗೆ ಉಪ್ಪು ಸುರಿಯುತ್ತಾರೆ. ಹಳೇ ಮಿಯಾಟಾದ ಬಾಗಿಲ ಕೆಳಗಿನ ತಗಡು, ಹಿಂದಿನ ಚಕ್ರದ ಮುಂಭಾಗದಲ್ಲಿ, ತುಕ್ಕು ತಿಂದಿರೋದು ಮಾಮೂಲು. ಜಾಕ್ ಕೊಡುವ ಜಾಗ ಗಟ್ಟಿ ಇದೆಯಾ ಅಂತ ಮೊದಲು ತಟ್ಟಿ ನೋಡಬೇಕು. ಅಲ್ಲಿ ತೂತು ಬಿದ್ದಿದ್ದರೆ ಸಸ್ಪೆನ್ಷನ್ ಮಾತು ಬಿಟ್ಟು ಮಾರುವ ಮಾತಾಡೋಣ ಅಂತ ಮೊದಲೇ ಹೇಳಿದ್ದೆ. ಇವರದ್ದು ಗಟ್ಟಿ ಇತ್ತು. ಯಜಮಾನರೂ ಟಾರ್ಚ್ ಹಿಡಿದು ಬಂದರಂತೆ, "ಮಾರೋಕೆ ಮುಂಚೆ ನೋಡೋಣ" ಅಂತ.

ಚಕ್ರವನ್ನು ಗಡಿಯಾರ ಅಂದುಕೊಳ್ಳಿ. 12 ಮತ್ತು 6ರ ಜಾಗದಲ್ಲಿ ಹಿಡಿದು ಒಳಗೆ ಹೊರಗೆ ಅಲ್ಲಾಡಿಸಿ. ಆಮೇಲೆ 9 ಮತ್ತು 3ರಲ್ಲಿ. ಮುಂದಿನ ಚಕ್ರದಲ್ಲಿ 9-3ಕ್ಕೆ ಮಾತ್ರ ಪ್ಲೇ ಸಿಕ್ಕರೆ ಟೈ ರಾಡ್ ಅಥವಾ ರ್ಯಾಕ್. 12-6ರಲ್ಲಿ ಸಿಕ್ಕರೆ ಬೇರಿಂಗ್ ಅಥವಾ ಬಾಲ್ ಜಾಯಿಂಟ್. ಯಾವುದು ಅಂತ ತಿಳಿಯೋಕೆ ಒಂದು ಸುಲಭ ಉಪಾಯ ಇದೆ. ಒಬ್ಬರು ಬ್ರೇಕ್ ಒತ್ತಿ ಹಿಡಿಯಲಿ, ಇನ್ನೊಬ್ಬರು ಮತ್ತೆ ಅಲ್ಲಾಡಿಸಲಿ. ಪ್ಲೇ ಮಾಯವಾದರೆ ಬೇರಿಂಗ್. ಬ್ರೇಕ್ ಒತ್ತಿದರೂ 'ಕಟ್ ಕಟ್' ಅನ್ನುತ್ತಿದ್ದರೆ ಬಾಲ್ ಜಾಯಿಂಟ್.

ಇವರ ಎಡ ಮುಂಚಕ್ರ ಬ್ರೇಕ್ ಒತ್ತಿದರೂ 'ಕಟ್' ಅಂತಿತ್ತು.

ಈ ಗಾಡಿಯಲ್ಲಿ ಸ್ಪ್ರಿಂಗ್, ಶಾಕ್ ಎರಡೂ ಕೂರುವುದು ಕೆಳಗಿನ ಆರ್ಮ್ ಮೇಲೆ. ಅಂದರೆ ಗಾಡಿಯ ಭಾರ ಹೊರುವುದು ಕೆಳಗಿನ ಬಾಲ್ ಜಾಯಿಂಟ್. ಚಾಸಿಗೆ ಜಾಕ್ ಕೊಟ್ಟು ಚಕ್ರ ನೇತಾಡುವಾಗ ಸ್ಪ್ರಿಂಗ್ ಒತ್ತಡ ಪ್ಲೇಯನ್ನು ಮುಚ್ಚಿಡಬಹುದು. ಅದಕ್ಕೇ ಎರಡನೇ ಸಲ ಜಾಕನ್ನು ಕೆಳ ಆರ್ಮ್‌ಗೇ, ಚಕ್ರಕ್ಕೆ ಹತ್ತಿರದಲ್ಲಿ ಕೊಟ್ಟು, ಟೈರು ನೆಲದಿಂದ ಒಂದಿಂಚು ಮೇಲಿರುವ ಹಾಗೆ ಇಟ್ಟು, ಟೈರಿನ ಕೆಳಗೆ ಹಾರೆ ಕೊಟ್ಟು ಮೀಟಿ ನೋಡಿ ಅಂದೆ. ಅವರು ಅದರ ವಿಡಿಯೊ ಕಳಿಸಿದರು. ಜಾಯಿಂಟಿನ ರಬ್ಬರ್ ಟೋಪಿ ಹರಿದು, ಗ್ರೀಸ್ ಒಣಗಿ, ಮೀಟಿದಾಗಲೆಲ್ಲ ಚೆಂಡು ತನ್ನ ಗೂಡಿನೊಳಗೆ ಮೇಲೆ ಕೆಳಗೆ ಕುಣಿಯುತ್ತಿತ್ತು.

ಉಳಿದದ್ದೆಲ್ಲ ಕಾಯಬಹುದು, ಇದು ಕಾಯಲ್ಲ. ಬುಷ್ ಸವೆದರೆ ಗಾಡಿ ಅಲೆಯುತ್ತೆ, ಶಾಕ್ ಸತ್ತರೆ ತೂಗುತ್ತೆ. ಬಾಲ್ ಜಾಯಿಂಟ್ ಕಳಚಿಕೊಂಡರೆ ಚಕ್ರ ಮಡಚಿಕೊಂಡು ಗಾಡಿ ನೆಲಕ್ಕೆ ಕೂರುತ್ತೆ. 70 ಮೈಲಿ ಸ್ಪೀಡಿನಲ್ಲಿ ಗಾಡಿ ಸೆಕೆಂಡಿಗೆ 31 ಮೀಟರ್ ಹೋಗುತ್ತಿರುತ್ತೆ. "ಇವತ್ತಿಂದ ಗಲ್ಲಿ ರಸ್ತೆಗೂ ಬೇಡ, ಗಾಡಿ ನಿಲ್ಲಿಸಿ," ಅಂತ ಅವತ್ತೇ ರಾತ್ರಿ ಬರೆದೆ. ಸಮಾಧಾನದ ಸಂಗತಿ ಅಂದರೆ ಈ ಕಾರಿನ ಕೆಳಗಿನ ಬಾಲ್ ಜಾಯಿಂಟ್ ಬೋಲ್ಟ್ ಹಾಕಿ ಕೂರಿಸಿದ ಬಿಡಿ ಭಾಗ. ಇಡೀ ಆರ್ಮ್ ಬದಲಿಸಬೇಕಿಲ್ಲ. ಎಡಬಲ ಎರಡನ್ನೂ ಹಾಕಿಸಿಬಿಡಿ ಅಂದೆ, ಬಲಗಡೆಯದಕ್ಕೂ ಅಷ್ಟೇ ವಯಸ್ಸಾಗಿದೆಯಲ್ಲ.

ಗಮನಿಸಿ, ಎರಡು ಸಾವಿರ ಡಾಲರಿನ ಕಾಯಿಲೋವರ್ ಹಾಕಿಸಿದ್ದರೆ ಈ ಜಾಯಿಂಟ್ ಅಲ್ಲೇ ಇರುತ್ತಿತ್ತು. ಹೊಸ ಸ್ಪ್ರಿಂಗ್‌ನ ಬಿಗಿತಕ್ಕೆ ಇನ್ನೂ ಬೇಗ ಹೋಗುತ್ತಿತ್ತೇನೋ.

ಶಾಕ್ ಬಗ್ಗೆ ಒಂದು ಮಾತು. ಬಾನೆಟ್ ಒತ್ತಿ ಬಿಟ್ಟು, ಎಷ್ಟು ಸಲ ಕುಣಿಯುತ್ತೆ ಅಂತ ಎಣಿಸುವ ಪದ್ಧತಿ ನಮ್ಮಲ್ಲೂ ಇದೆ, ಜೆ.ಸಿ. ರೋಡಿನಲ್ಲಿ ನೋಡಿರ್ತೀರಿ. ಪೂರ್ತಿ ಸತ್ತ ಶಾಕ್ ಅದರಲ್ಲಿ ಸಿಕ್ಕಿಬೀಳುತ್ತೆ, ಅರ್ಧ ಸತ್ತದ್ದು ತಪ್ಪಿಸಿಕೊಳ್ಳುತ್ತೆ. ಅದಕ್ಕಿಂತ ಟೈರ್ ಮೇಲೆ ಅಂಗೈ ಆಡಿಸಿ ನೋಡೋದು ಮೇಲು. ಸುತ್ತಳತೆಯಲ್ಲಿ ಅಲೆಅಲೆಯಾಗಿ ಏರಿಳಿತ ಸಿಕ್ಕರೆ ಚಕ್ರ ರಸ್ತೆ ಮೇಲೆ ಕುಪ್ಪಳಿಸುತ್ತಾ ಬಂದಿದೆ ಅಂತ. ಶಾಕ್ ಮೈಮೇಲೆ ಎಣ್ಣೆ ಇಳಿದು ಧೂಳು ಅಂಟಿದ್ದರೆ ಬೇರೆ ಸಾಕ್ಷಿ ಬೇಡ. ಇವರ ಗಾಡಿಯಲ್ಲಿ ಹಿಂದಿನ ಬಲ ಶಾಕ್ ಸೋರುತ್ತಿತ್ತು, ಉಳಿದ ಮೂರು ಪರವಾಗಿಲ್ಲ. ಇದನ್ನು ಜೋಡಿಯಾಗಿಯೇ ಬದಲಿಸಬೇಕು, ಒಂದನ್ನಲ್ಲ.

ಈಗ ಆ ಮಳೆಯ ದಿನಕ್ಕೆ ಬರೋಣ. ಹಿಂದಿನ ಆರ್ಮ್ ಬುಷ್‌ಗಳ ಫೋಟೊ ತರಿಸಿದೆ. ರಬ್ಬರ್ ಸುತ್ತ ಬಿರುಕು, ಎರಡು ಕಡೆ ಒಳಗಿನ ಕಬ್ಬಿಣದ ಕೊಳವೆಯಿಂದ ರಬ್ಬರ್ ಬಿಟ್ಟುಕೊಂಡಿತ್ತು. ಬುಷ್ ಗಟ್ಟಿ ಇದ್ದಾಗ ಹಿಂದಿನ ಚಕ್ರಗಳು ನೇರವಾಗಿ, ಮುಂಭಾಗ ಒಂದು ಚೂರು ಒಳಮುಖವಾಗಿ ನಿಂತಿರುತ್ತವೆ. ಇದಕ್ಕೇ ಟೋ-ಇನ್ ಅನ್ನೋದು. ಗಾಡಿ ಗೆರೆ ಹೊಡೆದ ಹಾಗೆ ಹೋಗುವುದಕ್ಕೆ ಆ ಒಂದು ಚೂರೇ ಕಾರಣ. ಬುಷ್ ಬಿಟ್ಟುಕೊಂಡ ಮೇಲೆ ಚಕ್ರವನ್ನು ಹಿಡಿಯೋರಿಲ್ಲ. ಆಕ್ಸಿಲರೇಟರ್ ಒತ್ತಿದರೆ ಚಕ್ರ ಮುಂದಕ್ಕೆ ತಳ್ಳುತ್ತೆ, ಬಿಟ್ಟರೆ ಎಂಜಿನ್ ಹಿಡಿತಕ್ಕೆ ಹಿಂದಕ್ಕೆ ಜಗ್ಗುತ್ತೆ. ಪ್ರತಿ ಸಲವೂ ಅದರ ಮುಖ ಚೂರುಚೂರು ತಿರುಗುತ್ತೆ. ಅಂದರೆ ಸ್ಟೇರಿಂಗ್ ನಿಮ್ಮ ಕೈಯಲ್ಲಿದ್ದರೂ ಹಿಂದಿನ ಚಕ್ರ ತನ್ನದೇ ಸ್ಟೇರಿಂಗ್ ನಡೆಸುತ್ತಿರುತ್ತೆ.

ತಿರುವಿನ ಮಧ್ಯೆ ಕಾಲು ತೆಗೆದಾಗ ಗಾಡಿಯ ಭಾರ ಮುಂದಕ್ಕೆ ವಾಲಿ ಹಿಂದಿನ ಟೈರ್‌ಗಳು ಹಗುರಾಗುತ್ತವೆ. ಹಿಂಚಕ್ರದ ಗಾಡಿಗಳಲ್ಲಿ ಇದು ಹೊಸತಾದರೂ ಇರುವ ಗುಣ. ಅದರ ಮೇಲೆ ಬುಷ್ ಸಡಿಲವಾಗಿ ಚಕ್ರ ಹೊರಮುಖ ಆಯ್ತು, ಟೈರ್ 2011ರದ್ದು, ಗಾಳಿ 35, ರಸ್ತೆ ಒದ್ದೆ. ಇದರಲ್ಲಿ ಯಾವ ಒಂದು ಇಲ್ಲದಿದ್ದರೂ ಬಹುಶಃ ಜಾರುತ್ತಿರಲಿಲ್ಲ. "ನಾನು ಡ್ರೈವ್ ಮಾಡಿದ್ದು ತಪ್ಪಾಯ್ತೇನೋ ಅಂತ ಎರಡು ತಿಂಗಳಿಂದ ಕೊರಗ್ತಿದ್ದೆ," ಅಂತ ಅವರು ಬರೆದದ್ದು ಓದಿ ನನಗೆ ಬೇಜಾರಾಯ್ತು. ಡ್ರೈವರ್‌ನನ್ನು ಬೈಯೋದು ಸುಲಭ, ಅದರಲ್ಲೂ ಡ್ರೈವರ್ ಹೆಂಗಸಾದರೆ ಇನ್ನೂ ಸುಲಭ. ಗಾಡಿ ಎತ್ತಿ ನೋಡೋರು ಕಡಿಮೆ.

ಬುಷ್ ಹಾಕಿಸುವಾಗ ಮೆಕ್ಯಾನಿಕ್‌ಗೆ ಒಂದು ಮಾತು ಹೇಳಲೇಬೇಕು. ರಬ್ಬರ್ ಬುಷ್ ಬೇರಿಂಗ್ ಥರ ತಿರುಗಲ್ಲ, ತಿರುಚಿಕೊಂಡು ಮರಳುತ್ತೆ. ಚಕ್ರ ಗಾಳಿಯಲ್ಲಿ ನೇತಾಡುವಾಗಲೇ ಬೋಲ್ಟ್ ಬಿಗಿದರೆ, ಗಾಡಿ ನೆಲಕ್ಕಿಳಿದ ಕ್ಷಣದಿಂದ ರಬ್ಬರ್ ತಿರುಚಿಕೊಂಡೇ ನಿಂತಿರುತ್ತೆ, ಬಹಳ ಬೇಗ ಹರಿಯುತ್ತೆ. ಬೋಲ್ಟ್ ಸಡಿಲ ಕೂರಿಸಿ, ಗಾಡಿಯನ್ನು ಚಕ್ರದ ಮೇಲೆ ನಿಲ್ಲಿಸಿ, ಕೊನೆಯ ಬಿಗಿ ಆಮೇಲೆ. ಅವಸರದ ಗ್ಯಾರೇಜಿನಲ್ಲಿ ಇದನ್ನು ಬಿಟ್ಟುಬಿಡುತ್ತಾರೆ. ರಬ್ಬರ್ ಬದಲು ಪಾಲಿಯುರೆಥೇನ್ ಹಾಕಿಸಲಾ ಅಂತ ಕೇಳಿದರು. ರೇಸ್ ಟ್ರ್ಯಾಕಿಗೆ ಹೋಗುವವರಿಗೆ ಸರಿ, ಆಫೀಸಿಗೆ ಹೋಗಿ ಬರೋರಿಗೆ ನನ್ನ ವೋಟು ರಬ್ಬರಿಗೇ. ಪಾಲಿ ಗ್ರೀಸ್ ಕೇಳುತ್ತೆ, ಕಿರ್ ಅನ್ನುತ್ತೆ, ರಸ್ತೆಯ ಗಡಗಡ ಪೂರ್ತಿ ಸೀಟಿಗೆ ತರುತ್ತೆ.

ಅಲೈನ್‌ಮೆಂಟ್ ಎಲ್ಲಕ್ಕಿಂತ ಕೊನೆಗೆ. ಸವೆದ ಪಾರ್ಟ್ ಮೇಲೆ ಅಲೈನ್‌ಮೆಂಟ್ ಮಾಡಿಸೋದು ಅಂದರೆ ಕುಂಟುವ ಕುರ್ಚಿ ಮೇಲೆ ತಕ್ಕಡಿ ಇಟ್ಟ ಹಾಗೆ. ಆದರೆ ಅಳತೆಯ ಪ್ರಿಂಟ್ ಮಾತ್ರ ಮೊದಲೇ ಒಂದು ಇದ್ದರೆ ಒಳ್ಳೆಯದು. ಇವರ ಬಳಿ ಹೋದ ವರ್ಷದ್ದು ಸಿಕ್ಕಿತು. ನೋಡಿದರೆ ಹಿಂದಿನ ಎಡಚಕ್ರ ಸುಮಾರು 3 ಮಿ.ಮೀ. ಹೊರಮುಖ. 3 ಮಿ.ಮೀ. ಏನು ಮಹಾ ಅನಿಸಬಹುದು. ಈ ಟೈರಿನ ಎತ್ತರ ಸುಮಾರು 578 ಮಿ.ಮೀ. ಲೆಕ್ಕ ಹಾಕಿ: ಪ್ರತಿ ಕಿಲೋಮೀಟರಿಗೆ ಆ ಚಕ್ರ 5 ಮೀಟರಿನಷ್ಟು ಅಡ್ಡಕ್ಕೆ ಹೋಗಬೇಕು ಅನ್ನುತ್ತೆ, ಗಾಡಿ ಬಿಡಲ್ಲ, ಉಜ್ಜಿಕೊಂಡೇ ಬರುತ್ತೆ.

ಆ ಪ್ರಿಂಟಿನ ಕೆಳಗೆ ಇಂಗ್ಲಿಷಿನಲ್ಲಿ ಒಂದು ಸಾಲು ಗೀಚಿದ್ದರು, ಹಿಂದಿನ ಎಡಗಡೆ ಅಡ್ಜಸ್ಟ್ ಆಗಲಿಲ್ಲ ಅಂತ. ದುಡ್ಡು ಪೂರ್ತಿ ತೆಗೆದುಕೊಂಡಿದ್ದರು. ಮಿಯಾಟಾದ ಕೆಳ ಆರ್ಮ್‌ಗಳನ್ನು ಹಿಡಿದಿರುವ ಬೋಲ್ಟ್‌ಗಳ ತಲೆಯಲ್ಲಿ ಮಧ್ಯ ತಪ್ಪಿದ ಬಿಲ್ಲೆ ಇರುತ್ತೆ. ಅದನ್ನು ತಿರುಗಿಸಿದರೆ ಆರ್ಮ್ ಒಳಗೆ ಹೊರಗೆ ಸರಿಯುತ್ತೆ, ಅದರಿಂದಲೇ ಟೋ, ಕ್ಯಾಂಬರ್ ಎಲ್ಲ ಹೊಂದಿಸೋದು. ಉಪ್ಪಿನ ರಸ್ತೆಯ ಊರುಗಳಲ್ಲಿ ಆ ಬೋಲ್ಟು ಬುಷ್‌ನ ಕೊಳವೆಯೊಳಗೇ ತುಕ್ಕು ಹಿಡಿದು ಒಂದಾಗಿಬಿಡುತ್ತೆ. ಬಲ ಹಾಕಿದರೆ ತುಂಡಾಗುತ್ತೆ. ಒಂದು ವಾರ ದಿನಾ ಸಂಜೆ ತುಕ್ಕಿನ ಎಣ್ಣೆ ಹೊಡೆದು ನೆನೆಸಿ, ಆಗಲೂ ಬರದಿದ್ದರೆ ಕತ್ತರಿಸಿ ಹೊಸ ಬೋಲ್ಟ್ ಹಾಕಬೇಕು. ಹೇಗೂ ಬುಷ್ ಬದಲಿಸುತ್ತಿರೋದರಿಂದ ಕತ್ತರಿಸೋಕೆ ಭಯ ಇಲ್ಲ.

ಈ ಅಂಕಣ ಬರೆಯುವ ಹೊತ್ತಿಗೆ ಬಾಲ್ ಜಾಯಿಂಟ್ ಎರಡೂ ಬಂದು ಕೂತಿವೆ. 185/60 ಆರ್ 14 ಅಳತೆಯ ಹೊಸ ಟೈರ್ ನಾಲ್ಕು, ಹಿಂದಿನ ಶಾಕ್ ಒಂದು ಜೊತೆ ಆರ್ಡರ್ ಆಗಿದೆ. ಬುಷ್ ಕೆಲಸಕ್ಕೆ ಬೇರೆ ಗ್ಯಾರೇಜ್ ಹುಡುಕಿದ್ದಾರೆ. ಅಲ್ಲಿನ ಮುದುಕರು ಗಾಡಿ ಎತ್ತಿ, ಕನ್ನಡಕ ಏರಿಸಿ ಅರ್ಧ ಗಂಟೆ ನೋಡಿದ ಮೇಲೆ ಬಾಯಿ ಬಿಟ್ಟರಂತೆ. ಒಳ್ಳೇ ಲಕ್ಷಣ. ಎಲ್ಲ ಸೇರಿ ಖರ್ಚು ಕಾಯಿಲೋವರಿನ ಹತ್ತಿರಹತ್ತಿರ ಬರಬಹುದು, ಅಗ್ಗ ಅಂತೂ ಅಲ್ಲ. ಎಡಗಡೆಯ ಆ ಬೋಲ್ಟ್ ಮಾತ್ರ ನಾಲ್ಕು ದಿನದಿಂದ ಎಣ್ಣೆ ಕುಡಿಯುತ್ತಿದೆ, ಇನ್ನೂ ಜಗ್ಗಿಲ್ಲ. ಶನಿವಾರ ಕತ್ತರಿಸುತ್ತಾರೆ. ಯಜಮಾನರು ಟಾರ್ಚ್ ಹಿಡಿಯೋಕೆ ಬರ್ತೀನಿ ಅಂದಿದ್ದಾರಂತೆ. ಹೊಸ ಅಲೈನ್‌ಮೆಂಟ್ ಪ್ರಿಂಟ್ ಬಂದ ಕೂಡಲೇ ಕಳಿಸಿ ಅಂತ ಹೇಳಿದ್ದೇನೆ.